ಆಣೆಗೆ ಒಂದು ತಲೆ

ಗುಬ್ಬಿ
11-2-2002, ಸೋಮವಾರ

ಶೃತಿಯ ಅಪ್ಪನವರಿಗೆ ಗೌರಿಯ ನಮಸ್ಕಾರ.

ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡಬೇಕು. ಹಾಗೆ ಬರೆಯಲು ಕೈ ಬರುತ್ತಿಲ್ಲ. ಶನಿವಾರ ನಿಮ್ಮ ಕಾಗದ ಬಂದಾಗಿನಿಂದ ನಾನು ಕ್ಷೇಮವಾಗಿಲ್ಲ. ಪೋಸ್ಟಿನವರು ಅದನ್ನು ಅಂಗನವಾಡಿಗೇ ತಂದುಕೊಟ್ಟರು. ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಕವರಿನ ಮೇಲಿನ ವಿಳಾಸ ನೋಡಿ ಯಾರೋ ಮೇಷ್ಟರು ಬರೆದಿದ್ದಾರೆ ಅಂದುಕೊಂಡೆ. ಒಡೆದು ನೋಡಿದರೆ ನಿಮ್ಮದು. ಅಕ್ಷರಗಳೆಲ್ಲ ನೆಟ್ಟಗೆ ನಿಂತಿದ್ದವು. ಮದುವೆಗೆ ಮುಂಚೆ ನೀವು ಬರೆದ ಒಂದೇ ಒಂದು ಕಾಗದದಲ್ಲಿ ಹಾಗಿದ್ದವು, ಆಮೇಲೆ ನಾನು ನೋಡಿಲ್ಲ. ಸಂತೋಷಪಡಬೇಕಿತ್ತು. ಆಗಲಿಲ್ಲ. ಅಕ್ಷರ ವಾಲಾಡುತ್ತಿದ್ದರೆ ಯಥಾಪ್ರಕಾರ ನಂಬದೆ ಪಕ್ಕಕ್ಕಿಟ್ಟುಬಿಡುತ್ತಿದ್ದೆ. ಇದನ್ನು ಎಲ್ಲಿ ನಂಬಿಬಿಡುತ್ತೇನೋ ಎಂದು ಹೆದರಿಕೆಯಾಯಿತು.

ನೀವು ಬರೆದದ್ದರಲ್ಲಿ ನನಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ನನಗೂ ಶೃತಿಗೂ ತಿಂಗಳು ತಿಂಗಳು ಜೀವನಾಂಶ ಕೊಡಬೇಕೆಂದು ಕೋರ್ಟು ನಿಮಗೆ ಆರ್ಡರ್ ಮಾಡಿ ನಾಲ್ಕು ವರ್ಷವಾಯಿತು. ನೀವು ಕೊಡಲಿಲ್ಲ. ಬಾಕಿ ಬೆಳೆದು ಇಪ್ಪತ್ತೊಂದು ಸಾವಿರಕ್ಕೆ ಬಂದು ನಿಂತಿದೆ. ಹೋದ ತಿಂಗಳು ಪೊಲೀಸರು ವಾರಂಟು ಹಿಡಿದು ನಿಮ್ಮನ್ನು ಕುಣಿಗಲ್ ಬಸ್ ಸ್ಟ್ಯಾಂಡಿನಿಂದ ಕರೆತಂದು ಇಲ್ಲಿನ ಕೋರ್ಟಿನಲ್ಲಿ ನಿಲ್ಲಿಸಿದಾಗ ನಾನೂ ಅಲ್ಲೇ ಇದ್ದೆ. ನೀವು ನನ್ನ ಕಡೆ ನೋಡಲಿಲ್ಲ. ಜಡ್ಜ್ ಸಾಹೇಬರು ಹೇಳಿದ್ದನ್ನು ಇಬ್ಬರೂ ಕೇಳಿಸಿಕೊಂಡೆವು. ಕುಡಿತ ಬಿಡಿಸುವ ಶಿಬಿರಕ್ಕೆ ಸೇರಿ, ಪೂರ್ತಿ ಮುಗಿಸಿ, ಸರ್ಟಿಫಿಕೇಟ್ ತರಬೇಕು. ಹೆಂಡತಿಯೂ ಒಪ್ಪಬೇಕು. ಎರಡೂ ಆದರೆ ಬಾಕಿಯಲ್ಲಿ ಅರ್ಧ ಕಡಿಮೆ ಮಾಡಿ ಉಳಿದದ್ದಕ್ಕೆ ಕಂತು ಕೊಡುತ್ತೇನೆ, ಇಲ್ಲವಾದರೆ ಜೈಲು, ಎಂದರು. ನಿಮ್ಮ ವಕೀಲರು ಲಕ್ಷ್ಮೀನರಸಿಂಹಯ್ಯನವರು, ಆಯಮ್ಮ ಈಗಲೇ ಒಪ್ಪುತ್ತಾರೆ ಸ್ವಾಮಿ ಎಂದು ನಡುವೆ ಬಾಯಿ ಹಾಕಿದ್ದಕ್ಕೆ, "ಕುಡಿಯೋನ ಹೆಂಡ್ತಿ ಒಪ್ಪಿದಾಳೋ, ಹೆದರಿದಾಳೋ, ನಂಗೆ ಹೆಂಗ್ರೀ ಗೊತ್ತಾಗುತ್ತೆ? ಮೊದ್ಲು ಸರ್ಟಿಫಿಕೇಟ್ ತನ್ನಿ" ಎಂದು ಗದರಿಸಿದರು.

ಈಗ ಕೊತ್ತಗೆರೆಯ ಸಮುದಾಯ ಭವನದಲ್ಲಿ ನಿಮ್ಮ ಶಿಬಿರ ಬರುವ ಭಾನುವಾರ ಮುಗಿಯುತ್ತದೆ. ಕೋರ್ಟು ಅದರ ಮುಂದಿನ ಬುಧವಾರ. ನಾನು ಒಪ್ಪಿಗೆಗೆ ಸಹಿ ಹಾಕಬೇಕು, ಭಾನುವಾರ ಶೃತಿಯನ್ನು ಕರೆದುಕೊಂಡು ಬರಬೇಕು. ಇಷ್ಟೇ ತಾನೆ ನೀವು ಕೇಳಿರುವುದು?

ಸಹಿ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ನಿಮ್ಮ ವಕೀಲರ ಮನೆಗೇ ಹೋಗಿ ಕೊಟ್ಟು ಬಂದೆ. "ಯೋಚ್ನೆ ಮಾಡಿದ್ದೀಯೇನಮ್ಮ? ಆಮೇಲೆ ಬೇಕು ಅಂದ್ರೆ ಬರಲ್ಲ" ಅಂದರು. ಈಗಲೂ ಬರುತ್ತಿಲ್ಲವಲ್ಲ ಸಾರ್ ಅಂದೆ. ನಕ್ಕುಬಿಟ್ಟರು. ಕೈಗೆ ಬಾರದ ದುಡ್ಡಿನಲ್ಲಿ ಅರ್ಧ ಬಿಟ್ಟುಕೊಟ್ಟು ದೊಡ್ಡವಳಾಗುವುದು ಸುಲಭ, ಅದಕ್ಕೆ ನನ್ನನ್ನು ಹೊಗಳಬೇಡಿ. ಅತ್ತೆಯವರೂ ಹೋದ ವಾರ ಬಂದಿದ್ದರು. ಆ ಮಂಡಿನೋವು ಇಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಬಂದು, ಒಳಗೂ ಬಾರದೆ ಜಗಲಿ ಮೇಲೆ ಕೂತು, "ಅವ್ನು ಜೈಲಿಗೋದ್ರೆ ನಾನು ಉಳಿಯಾಕಿಲ್ಲ ಕಣವ್ವ ಗೌರಿ" ಎಂದು ಅತ್ತರು. ಕಾಫಿ ಕೊಟ್ಟೆ. ಕುಡಿಯುವಾಗಲೂ ಅಳುತ್ತಿದ್ದರು. ಸಹಿ ಹಾಕುತ್ತೇನೆ ಎಂದು ಅವತ್ತೇ ಅವರಿಗೆ ಮಾತು ಕೊಟ್ಟಿದ್ದೆ.

ಸುಲಭ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಯಾಕೆಂದರೆ ಈ ನಾಲ್ಕು ವರ್ಷ ನನ್ನ ಬಾಗಿಲಿಗೆ ಅಗುಳಿಯಾಗಿದ್ದದ್ದು ಆ ಬಾಕಿ. ವಾರಂಟು ಇರುವವರೆಗೆ ನೀವು ಗುಬ್ಬಿಗೆ ಕಾಲಿಡುವ ಹಾಗಿರಲಿಲ್ಲ, ಸ್ಟೇಷನ್ ದಾಟಿಯೇ ನಮ್ಮ ಬೀದಿಗೆ ಬರಬೇಕು. ದುಡ್ಡಿಗಾಗಿ ಕೇಸು ಹಾಕಿದಳು ಎಂದು ನಿಮ್ಮ ಕಡೆಯವರು ಆಡಿಕೊಂಡಿದ್ದು ನನಗೆ ಗೊತ್ತು, ಆಡಿಕೊಳ್ಳಲಿ. ಮೊದಲ ವರ್ಷ ದುಡ್ಡಿಗಾಗಿಯೇ ಹಾಕಿದ್ದೆ. ಆಮೇಲೆ ನೀವು ಕೊಡದಿದ್ದರೇ ನೆಮ್ಮದಿ ಅನ್ನಿಸತೊಡಗಿತು. ಹೊರಗೆ ಯಾರಾದರೂ ಚಪ್ಪಲಿ ಎಳೆದುಕೊಂಡು ನಡೆದರೆ ಇವತ್ತಿಗೂ ನನ್ನ ಕೈಯಲ್ಲಿರುವ ಪಾತ್ರೆ ತಾನಾಗಿ ಕೆಳಗಿಳಿಯುತ್ತದೆ. ಶೃತಿ ನೋಡಿ, "ಅದು ಹಾಲಿನವ್ರು ಕಣಮ್ಮ" ಅನ್ನುತ್ತಾಳೆ. ಹನ್ನೆರಡು ವರ್ಷದ ಮಗಳು ತಾಯಿಗೆ ಧೈರ್ಯ ಹೇಳುವುದನ್ನು ಕಲಿತಿದ್ದಾಳೆ. ನನಗೆ ನಾಚಿಕೆಯಾಗುತ್ತದೆ.

ಆ ಅಗುಳಿಯನ್ನೂ ತೆಗೆದಿದ್ದೇನೆ. ಕುಡಿಯದೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವಷ್ಟು ಧೈರ್ಯ ಮಾಡಿಕೊಳ್ಳುತ್ತೇನೆ.

ನನ್ನಿಂದ ಆಗದಿರುವುದು ಇನ್ನೊಂದು. ಕಾಗದದ ಕೊನೆಯಲ್ಲಿ, ಏನೋ ಸಣ್ಣ ವಿಷಯ ಎಂಬ ಹಾಗೆ, ಎರಡು ಸಾಲು ಬರೆದಿದ್ದೀರಿ. ಕೊನೆಯ ದಿನ ಶಿಬಿರದಲ್ಲಿ ಎಲ್ಲರೂ ತಮ್ಮ ತಮ್ಮ ಮಕ್ಕಳ ತಲೆ ಮೇಲೆ ಕೈಯಿಟ್ಟು ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಬೇಕು, ಆಣೆ ಮಾಡಿದವರಿಗೆ ಮಾತ್ರ ಸರ್ಟಿಫಿಕೇಟು, ಶಿಬಿರ ನಡೆಸುವ ಚನ್ನವೀರಯ್ಯನವರು ಇದರಲ್ಲಿ ಬಹಳ ಕಟ್ಟುನಿಟ್ಟು, ಎಂದು. ಆ ಎರಡು ಸಾಲು ಬರೆಯುವಾಗ ನಿಮ್ಮ ಕೈ ತಡೆಯಲಿಲ್ಲವೇ? ಅಲ್ಲೂ ಅಕ್ಷರ ನೆಟ್ಟಗೇ ಇದ್ದವು.

ನಿಮಗೆ ಮರೆತಿರಬಹುದು ಎಂದು ನಾನು ನಂಬುವುದಿಲ್ಲ. ಆದರೂ ಬರೆಯುತ್ತೇನೆ. ನಮ್ಮ ಪುಟ್ಟರಂಗನಿಗೆ ಆಗ ಆರು ವರ್ಷ. ನಿಮ್ಮ ಅಪ್ಪನ ಹೆಸರಿಟ್ಟಿದ್ದರಿಂದ ನಾನವನನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ, ಮರಿ ಮರಿ ಎನ್ನುತ್ತಿದ್ದೆ. ಸತ್ತ ಮೇಲೆಯೇ ಅವನ ಹೆಸರು ನನ್ನ ಬಾಯಲ್ಲಿ ಬಂದದ್ದು. ಯಡಿಯೂರಿಗೆ ಹೋದೆವು. ಸಿದ್ಧಲಿಂಗೇಶ್ವರನ ಎದುರು ನೀವು ಅವನನ್ನು ನಿಲ್ಲಿಸಿಕೊಂಡು, ಒದ್ದೆ ತಲೆಯ ಮೇಲೆ ಕೈಯಿಟ್ಟು, "ಇನ್ನು ಮುಟ್ಟಾಕಿಲ್ಲ ಸ್ವಾಮಿ, ಮುಟ್ಟಿದ್ರೆ ಈ ಮಗೀನ್ ಮ್ಯಾಲಾಣೆ" ಅಂದಿರಿ. ಅವನು ನಗುತ್ತಿದ್ದ, ನಿಮ್ಮ ಕೈ ಕಚಗುಳಿ ಇಡುತ್ತಿದೆ ಎಂದು. ಮುಂದಿನ ಸಂತೆಯ ದಿನವೇ ನೀವು ಪ್ಯಾಕೆಟ್ ಸಾರಾಯಿ ಕುಡಿದು ಬಂದಿರಿ. ತಿಂಗಳು ತುಂಬುವುದರೊಳಗೆ ಅವನಿಗೆ ಜ್ವರ ಬಂತು, ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು, ಉಳಿಯಲಿಲ್ಲ.

ಅದು ಮೆದುಳು ಜ್ವರ. ಡಾಕ್ಟರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಆ ಮಳೆಗಾಲದಲ್ಲಿ ಇನ್ನೂ ಎಷ್ಟೋ ಮಕ್ಕಳಿಗೆ ಬಂದಿತ್ತು, ಆಣೆ ಇಡದ ಅಪ್ಪಂದಿರ ಮಕ್ಕಳಿಗೂ ಬಂದಿತ್ತು. ನನಗೆ ಇದೆಲ್ಲ ಗೊತ್ತು. ನಾನು ಅಂಗನವಾಡಿ ಟೀಚರು. ಮಗುವಿಗೆ ಜ್ವರ ಬಂದರೆ ದಾರ ಕಟ್ಟಿಸಬೇಡಿ, ಹರಕೆ ಆಮೇಲೆ, ಮೊದಲು ಆಸ್ಪತ್ರೆಗೆ ನಡೆಯಿರಿ ಎಂದು ತಾಯಂದಿರನ್ನು ಬೈಯುವುದೇ ನನ್ನ ಕೆಲಸ. ಹಾಗೆ ಬೈದು ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನನ್ನ ಮನಸ್ಸು ನನ್ನ ಮಾತು ಕೇಳುವುದಿಲ್ಲ. ಆ ಒದ್ದೆ ತಲೆ, ಅದರ ಮೇಲೆ ನಿಮ್ಮ ಕೈ, ಇಷ್ಟೇ ಕಾಣುತ್ತದೆ. ಜ್ವರ ಕಾಣುವುದಿಲ್ಲ, ಆಸ್ಪತ್ರೆ ಕಾಣುವುದಿಲ್ಲ.

ನಿಮ್ಮ ಕಾಗದ ಬಂದ ಸಂಜೆ ಶೃತಿ ತಲೆನೋವು ಅಂದಳು. ನೀವು ಇನ್ನೂ ಆಣೆಯನ್ನೇ ಇಟ್ಟಿಲ್ಲ, ಮುರಿದೂ ಇಲ್ಲ, ಆದರೂ ಅವಳನ್ನು ಎಳೆದುಕೊಂಡು ಡಾಕ್ಟರ ಹತ್ತಿರ ಓಡಿದೆ. ಅವರು ಬೆಳಕು ಬಿಟ್ಟು ನೋಡಿ, ಅಕ್ಷರ ಓದಿಸಿ, "ಏನಿಲ್ಲ, ಕನ್ನಡಕ ಬೇಕು ಅಷ್ಟೆ. ಅದಕ್ಕೆ ನೀವ್ಯಾಕಮ್ಮ ಹಿಂಗ್ ಹೆದರ್ತೀರಿ?" ಎಂದು ನಕ್ಕರು. ಹೊರಗೆ ಬಂದ ಮೇಲೆ ಶೃತಿ ಕೈ ಬಿಡಿಸಿಕೊಂಡು ನಿಂತಳು. ನಿಮ್ಮ ಕಾಗದವನ್ನು ಅವಳು ಓದಿದ್ದಳು. ನಾನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ, ಅವಳಿಗೆ ಸಿಗದ ಜಾಗ ನಮ್ಮ ಮನೆಯಲ್ಲಿ ಯಾವುದಿದೆ? ರಸ್ತೆಯಲ್ಲೇ ಕೇಳಿದಳು, "ಅಪ್ಪ ಕುಡುದ್ರೆ ನಾನ್ಯಾಕಮ್ಮ ಸಾಯ್ಬೇಕು?" ಎಂದು.

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಬರೆಯಿರಿ. ನಾನಂತೂ ಹಾಗೇನೂ ಆಗುವುದಿಲ್ಲ ಸುಮ್ಮನಿರು ಎಂದು ಗದರಿಸಿದೆ. ಆಗದಿದ್ದರೆ ಹೋಗೋಣ ಬಾ ಅಂದಳು.

ಅವಳನ್ನು ಕರೆತರುವುದಿಲ್ಲ. ಕಾಲಿಗೆ ಬಿದ್ದು ಕೇಳಿದರೂ ಇಲ್ಲ. ಬಾಕಿಯಲ್ಲಿ ಅರ್ಧ ಬೇಕಾದರೆ ತೆಗೆದುಕೊಳ್ಳಿ, ಪೂರ್ತಿ ಬೇಕಾದರೂ ತೆಗೆದುಕೊಳ್ಳಿ, ಆ ತಲೆ ಮಾತ್ರ ಕೇಳಬೇಡಿ. ನನ್ನ ತಲೆಯ ಮೇಲೆ ಇಡಿ ಎಂದು ಹೇಳೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಸಿನಿಮಾದಲ್ಲಾದರೆ ಹೇಳುತ್ತಿದ್ದರು. ಅದನ್ನೂ ಕೊಡುವುದಿಲ್ಲ. ಶೃತಿಗೆ ಇರುವುದು ನಾನೊಬ್ಬಳೇ, ನನಗೆ ಸಾಯಲು ಪುರುಸೊತ್ತಿಲ್ಲ.

ಚನ್ನವೀರಯ್ಯನವರಿಗೆ ಹೇಳಿ ನೋಡಿ, ಮಗಳಿಗೆ ಪರೀಕ್ಷೆ ಹತ್ತಿರ ಎಂದು. ದೇವರ ಫೋಟೋ ಮುಟ್ಟಿ ಹೇಳುತ್ತೇನೆ ಎನ್ನಿ. ದೇವರು ತನ್ನನ್ನು ತಾನು ನೋಡಿಕೊಳ್ಳುತ್ತಾನೆ. ನೀವು ಜೈಲಿಗೆ ಹೋಗುವುದು ನನಗೆ ಬೇಕಾಗಿಲ್ಲ, ಇದನ್ನಾದರೂ ನಂಬಿ. ನೀವು ಕುಡಿತ ಬಿಟ್ಟರೆ ನನಗಿಂತ ಸಂತೋಷಪಡುವವರು ಯಾರೂ ಇರುವುದಿಲ್ಲ. ಆದರೆ ಬಿಡುತ್ತೀರೆಂದು ನನ್ನ ಮಗುವನ್ನು ಒತ್ತೆ ಇಡಲಾರೆ.

ಇಂತಿ
ಮಂಗಳಗೌರಿ

*

ಕುಣಿಗಲ್
18-2-2002

ಗೌರಿಗೆ ಕಾಂತೇಶ ಬರೆಯುವುದು.

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಭವನದ ಹಿಂದೆ ನೀರಿನ ತೊಟ್ಟಿಯ ಪಕ್ಕ ಕೂತು ಓದಿದೆ. ಓದಿದ ಮೇಲೆ ಊಟಕ್ಕೆ ಹೋಗಲಿಲ್ಲ. ಯಾರೋ ಬಂದು, "ಏನ್ಲಾ ಕಾಂತ, ಹೆಂಡ್ರು ಬೈದವ್ಳಾ?" ಎಂದು ಕೇಳಿದರು. ಇಲ್ಲ, ಚೆನ್ನಾಗಿ ಬರೆದಿದ್ದಾಳೆ ಅಂದೆ.

ಶಿಬಿರ ನಿನ್ನೆಗೆ ಮುಗಿಯಿತು. ಮೊದಲ ಮೂರು ದಿನದ ಮಾತು ಬರೆಯುವುದಿಲ್ಲ. ಮೈಮೇಲೆ ಇರುವೆ ಹರಿದಾಡುತ್ತಿವೆ ಎಂದು ಕೂಗಿಕೊಂಡೆನಂತೆ, ಇಬ್ಬರು ಹಿಡಿದುಕೊಂಡಿದ್ದರಂತೆ. ಆಮೇಲೆ ಸರಿಹೋಯಿತು. ಬೆಳಿಗ್ಗೆ ವ್ಯಾಯಾಮ, ಮಜ್ಜಿಗೆ, ಭಜನೆ, ಮಧ್ಯಾಹ್ನ ಡಾಕ್ಟರು ಬಂದು ಪಾಠ ಮಾಡುವುದು, ಹೀಗೆ ನಡೆಯಿತು. ಭಜನೆಯಲ್ಲಿ ನನ್ನ ದನಿ ಕೇಳಿ ಎಲ್ಲರೂ ನಕ್ಕರು. ನಡುವೆ ಭವನದ ನೀರಿನ ಮೋಟಾರು ಸುಟ್ಟುಹೋಯಿತು. ನಾನು ರೀವೈಂಡಿಂಗ್ ಕೆಲಸದವನು ಎಂದು ತಿಳಿದು ಬಿಚ್ಚಿಸಿದರು. ಪೇಟೆಯಿಂದ ತಂತಿ ತರಿಸಿ ಒಂದು ಹಗಲು ಕೂತು ಸುತ್ತಿದೆ. ಒಂದು ಸುತ್ತೂ ತಪ್ಪಲಿಲ್ಲ. ಎರಡು ವರ್ಷದಿಂದ ಕೈ ನಡುಗುತ್ತದೆಂದು ಯಾವ ಅಂಗಡಿಯವನೂ ನನ್ನ ಕೈಗೆ ತಂತಿ ಕೊಟ್ಟಿರಲಿಲ್ಲ. ಮೋಟಾರು ಚಾಲೂ ಆಗಿ ನೀರು ಬಿದ್ದಾಗ ಮುಖ ತೊಳೆಯುವ ನೆಪದಲ್ಲಿ ಸ್ವಲ್ಪ ಅತ್ತೆ. ಕೂಲಿ ಕೊಟ್ಟಿದ್ದಾರೆ. ಶೃತಿಯ ಕನ್ನಡಕಕ್ಕೆಂದು ಇವತ್ತು ಎಂ.ಓ. ಮಾಡಿದ್ದೇನೆ. ಬಾಕಿಯ ಲೆಕ್ಕಕ್ಕೆ ಹಿಡಿಯಬೇಡ, ಇದು ಬೇರೆ.

ಪುಟ್ಟರಂಗನ ವಿಷಯ ಬರೆದಿದ್ದೀಯ. ಮರೆತಿಲ್ಲ. ಅವನು ಹೋದ ಮೇಲೆ ಕುಡಿದದ್ದೆಲ್ಲ ಅದಕ್ಕೇ ಎಂದರೆ ಸುಳ್ಳಾಗುತ್ತದೆ, ಮುಂಚೆಯೂ ಕುಡಿಯುತ್ತಿದ್ದೆ. ಈ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನೀನು ಶೃತಿಯನ್ನು ಕರೆತರದಿದ್ದದ್ದು ಒಳ್ಳೆಯದಾಯಿತು. ನಾನು ಹಾಗೆ ಕೇಳಬಾರದಿತ್ತು. ಜೈಲಿನ ಹೆದರಿಕೆಗೆ ಕೇಳಿದೆ. ಅವಳ ಪ್ರಶ್ನೆಗೆ ಉತ್ತರ ಇದ್ದರೆ ಬರೆಯಿರಿ ಅಂದಿದ್ದೀಯ. ಅವಳು ಸಾಯಬೇಕಾಗಿಲ್ಲ ಎಂದು ಹೇಳು, ಅಪ್ಪ ಹೇಳಿದರು ಎಂದೇ ಹೇಳು.

ಸರ್ಟಿಫಿಕೇಟು ಕೈಗೆ ಬಂದಿಲ್ಲ. ಏನೋ ಸ್ವಲ್ಪ ತೊಡಕಾಗಿದೆ. ಬುಧವಾರದೊಳಗೆ ಆಗುವ ಹಾಗೆ ಕಾಣುವುದಿಲ್ಲ. ಲಕ್ಷ್ಮೀನರಸಿಂಹಯ್ಯನವರಿಗೆ ಫೋನು ಮಾಡಿ, ಗೌರಿಯ ಒಪ್ಪಿಗೆ ಕಾಗದವನ್ನು ಸದ್ಯಕ್ಕೆ ಕೋರ್ಟಿಗೆ ಕೊಡಬೇಡಿ ಎಂದು ಹೇಳಿದ್ದೇನೆ. ಅದನ್ನು ನೀನು ವಾಪಸ್ಸು ತೆಗೆದುಕೋ. ಬುಧವಾರ ನೀನು ಕೋರ್ಟಿಗೆ ಬರುವ ಅಗತ್ಯವಿಲ್ಲ. ನಾನೇ ನಡೆದುಕೊಂಡು ಹೋಗಿ ನಿಲ್ಲುತ್ತೇನೆ, ಪೊಲೀಸರು ಬಂದು ಕರೆಯಬೇಕಾಗಿಲ್ಲ. ಅವ್ವನನ್ನು ಒಂದು ಸಲ ವಿಚಾರಿಸಿಕೊಂಡರೆ ಉಪಕಾರ. ಅವಳಿಗೆ ಮಂಡಿನೋವು ಜಾಸ್ತಿಯಾಗಿದೆ.

ಶೃತಿಗೆ ಆಶೀರ್ವಾದ.

ಇತಿ
ಕಾಂತೇಶ

ವಿ.ಸೂ: ಕವರು ಅಂಟಿಸುವವನಿದ್ದೆ. ಅವ್ವ ನಿನ್ನ ಹತ್ತಿರ ಬಂದು ಹೇಳಿಯೇ ಹೇಳುತ್ತಾಳೆ. ಅದಕ್ಕೆ ಮುಂಚೆ ನಾನೇ ಬರೆದುಬಿಡುತ್ತೇನೆ. ತೊಡಕು ಏನೂ ಇಲ್ಲ. ಸರ್ಟಿಫಿಕೇಟನ್ನು ನಾನೇ ಬಿಟ್ಟು ಬಂದೆ.

ನಿನ್ನೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಎದುರಿಗೆ ಅವರವರ ಮಕ್ಕಳು. ನನ್ನ ಎದುರು ಯಾರೂ ಇರಲಿಲ್ಲ. ನೀನು ಬರೆದ ಹಾಗೆಯೇ ಹೇಳಿದೆ, ಪರೀಕ್ಷೆ ಎಂದು. ಚನ್ನವೀರಯ್ಯನವರು ಸಿಟ್ಟಾಗಲಿಲ್ಲ. "ಮಗಳು ಬರ್ದೆ ಇದ್ರೇನಂತೆ, ತಾಯಿ ಬಂದವ್ರಲ್ಲಪ್ಪ, ಅವ್ರ ತಲೆ ಮ್ಯಾಲೇ ಇಡು" ಅಂದರು. ಅವ್ವ ಹಿಂದೆ ಹೆಂಗಸರ ಜೊತೆ ಕೂತಿದ್ದಳು. ಕರೆಯುವುದಕ್ಕೆ ಮುಂಚೆಯೇ ಎದ್ದು ಬಂದಳು. ಮಂಡಿ ಊರಿ ಕೂತು ಸೆರಗು ತೆಗೆದು ತಲೆ ಬಗ್ಗಿಸಿದಳು. ತಲೆಯಲ್ಲಿ ಕೂದಲೇ ಉಳಿದಿಲ್ಲ ಗೌರಿ, ನಾನು ನೋಡಿಯೇ ಇರಲಿಲ್ಲ. ಅವಳು ಯಾರಿಗೂ ಕೇಳದ ಹಾಗೆ ಮೆಲ್ಲಗೆ, "ಇಡ್ಲಾ ಮಗ. ನಂಗೇನಾರ ಆದ್ರೆ ಆಗ್ಲಿ ಬುಡು, ವಯಸ್ಸಾಗೈತೆ" ಅಂದಳು.

ಅಂದರೆ ನಾನು ಮತ್ತೆ ಕುಡಿಯುತ್ತೇನೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ತಲೆ ಕೊಟ್ಟಳು.

ಕೈ ಎತ್ತಿದೆ. ನಡುಗಲಿಲ್ಲ, ಚೆನ್ನಾಗಿಯೇ ನಿಂತಿತ್ತು. ಕೆಳಗಿಳಿಸಲು ಆಗಲಿಲ್ಲ. ಇವತ್ತು ಕುಡಿದಿಲ್ಲ ಎಂದು ಬರೆದುಕೊಡಿ ಸ್ವಾಮಿ, ನಾಳೆಯದು ಬೇಡ, ಎಂದು ಕೇಳಿದೆ. "ಹಂಗೆ ಬರೆಯಾಕಾಗಲ್ಲ ಕಣಪ್ಪ, ಆಣೆ ಮಾಡವ್ರೆ ಅಂತ್ಲೇ ಅಚ್ಚಾಗೈತೆ" ಅಂದರು. ಅವರದೂ ತಪ್ಪಲ್ಲ. ಅವ್ವನನ್ನು ಎಬ್ಬಿಸಿಕೊಂಡು ಬಂದುಬಿಟ್ಟೆ. ದಾರಿಯುದ್ದಕ್ಕೂ ಅವಳು ನನಗೆ ಬೈದಳು, ಅರ್ಧ ಬಾಕಿ ಹೋಗುತ್ತಿತ್ತಲ್ಲೋ ಎಂದು.

ಈಗ ಬಾಕಿ ಪೂರ್ತಿ ಹಾಗೇ ಇದೆ, ಬುಧವಾರ ಜೈಲಿಗೆ ಕಳಿಸುತ್ತಾರೆ. ಹೆದರಿಕೆಯಾಗುತ್ತಿದೆ. ಒಳಗೆ ಹೋಗುವುದಕ್ಕೆ ಅಷ್ಟಿಲ್ಲ, ಅಲ್ಲಿ ಕುಡಿಯಲು ಸಿಗುವುದಿಲ್ಲ. ಬಿಟ್ಟು ಕಳಿಸುವ ದಿನಕ್ಕೆ ಹೆದರಿಕೆ. ಗೇಟಿನ ಹೊರಗೆ ಯಾರೂ ಇಲ್ಲದಿದ್ದರೆ ನನ್ನ ಕಾಲು ಎಲ್ಲಿಗೆ ಹೋಗುತ್ತವೆ ಎಂದು ನನಗೂ ಗೊತ್ತು, ನಿನಗೂ ಗೊತ್ತು. ಆ ದಿನ ಯಾವುದೆಂದು ತಿಳಿದ ಕೂಡಲೇ ಬರೆಯುತ್ತೇನೆ. ಶೃತಿ ಬೇಡ. ನೀನೊಬ್ಬಳೇ, ದೂರದಲ್ಲಿ ನಿಂತರೂ ಸಾಕು. ಬರುತ್ತೀಯಾ?